ವಿಮಾನ ಅಂತಲೇ ಬರೆದೆ

ಹೋದ ವಾರ ನನ್ನ ಸೊಸೆ ಯಾರದೋ ಮದುವೆಗೆ ಹೊರಡುವ ಸಡಗರದಲ್ಲಿ ಜಗಲಿಯ ಮೇಲೆ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಒಳಗೆ ಅಕ್ಕಿ ಆರಿಸುತ್ತಿದ್ದ ನನಗೆ ಆ ವಾಸನೆ ಬಂತು. ಸ್ವಲ್ಪ ಕಳಿತ ಬಾಳೆಹಣ್ಣಿನದು, ಸ್ವಲ್ಪ ಸ್ಪಿರಿಟ್ಟಿನದು, ಮೂಗಿನೊಳಗೆ ಚುರ್ ಅನ್ನಿಸುವಂಥದು. ಎಲ್ಲಿಲ್ಲದ ಸಿಟ್ಟು ಬಂದುಬಿಟ್ಟಿತು. "ಅದನ್ನ ಹೊರಗಡೆ ಹೋಗಿ ಹಚ್ಕೊಳ್ಳಮ್ಮ ತಾಯಿ" ಎಂದು ಕೂಗಿದೆ. ಅವಳು ಪಾಪ, "ಹೊರಗಡೇನೇ ಇದೀನಲ್ಲ ಅತ್ತೆ" ಅಂದಳು. ಅವಳದೇನೂ ತಪ್ಪಿಲ್ಲ. ನನಗೆ ಶಾಂತಾ ಅಂತ ಹೆಸರಿಟ್ಟವರನ್ನು ಕರೆದು ಒಂದು ದಿನ ನನ್ನ ಜೊತೆ ಕೂರಿಸಬೇಕು, ಅಷ್ಟೆ.

ಆ ವಾಸನೆಗೆ ನಮ್ಮಣ್ಣ ವೆಂಕಟೇಶ ಡೋಪು ಅನ್ನುತ್ತಿದ್ದ. ಸಣ್ಣ ವಿಮಾನದ ರೆಕ್ಕೆಗೆ ಬಟ್ಟೆ ಹೊದಿಸಿ ಅದರ ಮೇಲೆ ಬಳಿಯುವ ಮೆರುಗೆಣ್ಣೆ ಅದು. ಒಣಗಿದರೆ ಬಟ್ಟೆ ತಮಟೆಯ ಚರ್ಮದಂತೆ ಬಿಗಿದುಕೊಳ್ಳುತ್ತದೆ, ಬೆರಳಲ್ಲಿ ತಟ್ಟಿದರೆ ಟಂಯ್ ಅನ್ನುತ್ತದೆ. ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಮನೆ ಒಂದಿಡೀ ಚಳಿಗಾಲ ಆ ವಾಸನೆಯಲ್ಲಿ ಮುಳುಗಿತ್ತು. ನಾವು ಉಟ್ಟ ಬಟ್ಟೆ, ತಿಂದ ಮುದ್ದೆ, ಕಟ್ಟಿಕೊಟ್ಟ ಸೀರೆ, ಎಲ್ಲದರಲ್ಲೂ ಅದೇ ವಾಸನೆ. ಸೀರೆ ಒಯ್ಯಲು ಬಂದ ಸಾಹುಕಾರರು ಮೂಸಿ ಮೂಸಿ ನೋಡಿ, "ಏನಮ್ಮಾ, ಬಾಳೆಕಾಯಿ ಮಂಡಿ ಇಟ್ಟಿದೀರಾ?" ಎಂದು ಕೇಳಿದ್ದರು.

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಕಟ್ಟಿ ಮುಗಿಸುತ್ತಿದ್ದ ವರ್ಷ ಅದು. ಊರಿನ ಟೀ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಹಗಲೆಲ್ಲ ಜಲ್ಲಿ ಲಾರಿಗಳು ನಮ್ಮ ಬೀದಿಯ ತುದಿಯಲ್ಲಿ ದೂಳೆಬ್ಬಿಸಿಕೊಂಡು ಹೋಗುತ್ತಿದ್ದವು, ಮಗ್ಗದ ಉದ್ದಕ್ಕೆ ಎಳೆದ ಹಾಸಿನ ನೂಲಿನ ಮೇಲೆ ಆ ದೂಳು ಕೂತು ಎಳೆ ಹರಿಯುತ್ತಿತ್ತು. ನಿಲ್ದಾಣ ಯಾರಿಗೆ ಏನು ಕೊಟ್ಟಿತೋ ಕಾಣೆ, ನಮ್ಮ ಆರು ಮಗ್ಗಗಳಿಗೆ ಕೊಟ್ಟದ್ದು ಹರಿದ ಎಳೆ. ಅದರ ಜೊತೆಗೆ ಕರೆಂಟು ಕೂಡ ಮನಸ್ಸು ಬಂದಾಗ ಬರುವುದು, ಮನಸ್ಸು ಬಂದಾಗ ಹೋಗುವುದು.

ಆ ಹೋದ ಕರೆಂಟಿನಲ್ಲೇ ನಮ್ಮಣ್ಣ ವಿಮಾನ ಕಟ್ಟಿದ. ಅವನು ಊರಿನ ಮಗ್ಗಗಳನ್ನೆಲ್ಲ ರಿಪೇರಿ ಮಾಡುವವನು. ನಲವತ್ತು ದಾಟಿದ್ದ, ಮದುವೆಯಾಗಿರಲಿಲ್ಲ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಬೆಂಗಳೂರಿನ ಫುಟ್‌ಪಾತಿನಲ್ಲಿ ಸಿಕ್ಕ ಹಳೆಯ ಪುಸ್ತಕವೊಂದರ ನಕ್ಷೆ ನೋಡಿಕೊಂಡು ಮೊದಲು ಸಣ್ಣ ಸಣ್ಣವು ಕಟ್ಟಿದ, ಕೆಡವಿದ, ಮತ್ತೆ ಕಟ್ಟಿದ. ಹೀಗೇ ಎಂಟು ವರ್ಷ. ಈಗ ಕಟ್ಟುತ್ತಿದ್ದುದು ದೊಡ್ಡದು. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಏಳು ಅಡಿ. ಬೆಂಡಿನಷ್ಟು ಹಗುರವಾದ ಬಾಲ್ಸಾ ಮರವನ್ನು ಬ್ಲೇಡಿನಲ್ಲಿ ಕೊಯ್ದು ಒಂದೊಂದೇ ಪಕ್ಕೆಲುಬು ಮಾಡಿದ್ದ. ಬಾಲ ತಿರುಗಿಸುವ ಕಡ್ಡಿಗಳಿಗೆ ಮಗ್ಗದ ಮುರಿದ ಹಣಿಗೆಯ ತಂತಿ ಹಾಕಿದ್ದ. ನೆಲದ ಮೇಲೆ ನಿಂತು ಕೈಯಲ್ಲಿ ರೇಡಿಯೋ ಡಬ್ಬಿ ಹಿಡಿದು, ಅದರ ಎರಡು ಕಡ್ಡಿ ಆಡಿಸಿದರೆ ಮೇಲಿರುವ ವಿಮಾನ ಅವನು ಹೇಳಿದಂತೆ ಕೇಳಬೇಕು.

ಊರಿನವರು ಬಿಡುತ್ತಾರೆಯೇ? "ಏನಪ್ಪಾ ವೆಂಕಟೇಶ, ನಿನ್ ವಿಮಾನ ದುಬೈಗೆ ಯಾವಾಗ?" "ನಮಗೂ ಒಂದ್ ಕಿಟಕಿ ಸೀಟ್ ಇಡು ಗುರು." ಅವನು ಸುಮ್ಮನೆ ನಗುವನು. ನನಗೆ ಮೈಯೆಲ್ಲ ಉರಿಯುವುದು. ಮಗ್ಗ ಕೆಟ್ಟಾಗ ಊಟದ ತಟ್ಟೆಯ ಮುಂದಿನಿಂದ ಅವನನ್ನು ಎಬ್ಬಿಸಿಕೊಂಡು ಹೋಗುತ್ತಿದ್ದವರೇ ಇವರು. ಅದೇ ಕೈ ಇನ್ನೊಂದು ಕೆಲಸ ಮಾಡಿದರೆ ಹಲ್ಲು ಕಿಸಿಯುವುದು!

ಸಂಕ್ರಾಂತಿ ಮುಗಿದ ಮೇಲೆ ಅಣ್ಣ ಒಂದು ದಿನ, "ಶಾಂತಾ, ತೆಳ್ಳಗಿನ ಸಿಲ್ಕ್ ಬೇಕು ಕಣೆ, ರೆಕ್ಕೆಗೆ" ಅಂದ. ಅಷ್ಟೇ ತಾನೆ ಅಂದುಕೊಂಡು ಮಗ್ಗದಲ್ಲಿದ್ದ ನಮ್ಮ ಸಿಲ್ಕನ್ನೇ ನಾಲ್ಕು ಮೀಟರು ಕತ್ತರಿಸಿ ಕೊಟ್ಟೆ. ಅವನು ನೆನೆಸಿ, ಹಿಂಡಿ, ಎಲುಬುಗಳ ಮೇಲೆ ಎಳೆದು ಅಂಟಿಸಿ, ಡೋಪು ಬಳಿದ. ಒಣಗಿತು, ಬಿಗಿಯಲಿಲ್ಲ. ಎರಡನೆಯ ಸಲ ಬಳಿದ, ಮೂರನೆಯ ಸಲ ಬಳಿದ. ಬಟ್ಟೆ ನೆರಿಗೆ ನೆರಿಗೆಯಾಗಿ ಹಾಗೇ ಜೋತುಕೊಂಡಿತ್ತು. ಅಣ್ಣ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿ ಸುಟ್ಟು ನನ್ನ ಮೂಗಿನ ಹತ್ತಿರ ಹಿಡಿದ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು. ಇದು ಪ್ಲಾಸ್ಟಿಕ್ ಕವರು ಸುಟ್ಟಂತೆ ನಾರಿತು, ತುದಿಯಲ್ಲಿ ಕರಿ ಗುಂಡು ಕಟ್ಟಿತು.

"ಇದು ಸಿಲ್ಕಲ್ಲ ಕಣೆ" ಅಂದ.

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಗೊತ್ತಿಲ್ಲದ ವಿಷಯವೇನಲ್ಲ ಬಿಡಿ. ನಮ್ಮೂರಲ್ಲಿ ಪಾಲಿಯೆಸ್ಟರ್ ನೇಯುವುದು ಊರಿಗೆಲ್ಲ ಗೊತ್ತು. ಆದರೆ ಹೆಸರು ಮಾತ್ರ ಸಿಲ್ಕು. "ಸಿಲ್ಕ್ ಹಾಸಿದೀವಿ", "ಸಿಲ್ಕ್ ಮಗ್ಗ ಖಾಲಿ ಇದೆ" ಎಂದು ಅಂದೂ ಅಂದೂ ನಾವೇ ನಂಬಿಬಿಟ್ಟಿದ್ದೆವು. ನೇಯುವವಳಾಗಿ, ಸಿಲ್ಕು ಕೊಡು ಅಂದರೆ ಕೈ ತಾನಾಗಿ ಪಾಲಿಯೆಸ್ಟರಿಗೆ ಹೋಯಿತಲ್ಲ! ನಮ್ಮೂರಿನವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಆ ನಾಚಿಕೆಗೆ ನಾನು ಹಟ ಹಿಡಿದೆ. ದೇವನಹಳ್ಳಿ ಪಕ್ಕದ ವಿಜಯಪುರದ ನಂಟರ ಮನೆಯಿಂದ ಒಂದೆಳೆಯ ಅಸಲಿ ರೇಷ್ಮೆ ತಂದೆ. ಮೂಲೆಯ ಮಗ್ಗ ಖಾಲಿ ಮಾಡಿಸಿ, ಎಳೆ ಹರಿದಾಗಲೆಲ್ಲ ನಿಲ್ಲಿಸಿ ಗಂಟು ಹಾಕಿ, ಆರು ದಿನ ಕೂತು ಹನ್ನೊಂದು ಮೀಟರು ನೇಯ್ದೆ. ಬೆಳಕಿಗೆ ಹಿಡಿದರೆ ಆಚೆ ಇರುವವರ ಮುಖ ಕಾಣುತ್ತಿತ್ತು. ಅಣ್ಣ ಅದನ್ನು ಅಡ್ಡಕ್ಕೆ ಕತ್ತರಿಸಲು ಹೋದಾಗ ಕೈಗೆ ಒಂದು ಕೊಟ್ಟೆ. "ಹಾಸು ಎಳೆ ರೆಕ್ಕೆ ಉದ್ದಕ್ಕೆ ಬರ್ಬೇಕಣ್ಣ, ಗಟ್ಟಿ ಇರೋದು ಅದೇ." ಅವನು ಪುಸ್ತಕ ತೆಗೆದು ನೋಡಿ, "ಇದರಲ್ಲೂ ಹಂಗೇ ಬರೆದವ್ರೆ" ಎಂದು ಬೆರಗಾದ. ಪುಸ್ತಕ ಬರೆದವರು ಯಾವ ಮಗ್ಗದ ಮುಂದೆ ಕೂತಿದ್ದರೋ!

ಈ ಸಲ ಬಿಗಿಯಿತು. ಎರಡು ಕೈ ಬಳಿಯುವ ಹೊತ್ತಿಗೆ ರೆಕ್ಕೆ ನಿಗುರಿ ನಿಂತಿತು. ಮೇಲೆ ಹೋದಾಗ ಯಾವ ಕಡೆ ವಾಲಿದೆ ಎಂದು ಗುರುತು ಸಿಗಬೇಕಂತೆ. ಅದಕ್ಕೆ ರೆಕ್ಕೆಯ ಒಂದು ತುದಿಗೆ ಸೀರೆಯ ಅಂಚಿನಂತೆ ನಾಲ್ಕು ಬೆರಳಗಲ ಕೆಂಪು ಬಳಿದೆವು.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ವಿಮಾನ ಹೇರಿಕೊಂಡು ಊರಾಚೆಯ ಕೆರೆಗೆ ಹೋದೆವು. ಕೆರೆ ಬತ್ತಿ ಅಂಗಳ ಒಣಗಿತ್ತು, ಕುರಿಗಳು ತುಳಿದು ತುಳಿದು ನೆಲ ಸಿಮೆಂಟಿನಂತಾಗಿತ್ತು. ಗಾಳಿ ಇರಲಿಲ್ಲ. ಇಂಜಿನ್ನಿನ ಎಣ್ಣೆಗೆ ಹರಳೆಣ್ಣೆ ಬೆರೆಸುತ್ತಾರೆ, ಅದು ಸುಟ್ಟ ಹೊಗೆ ಕಣ್ಣಿಗೆ ತಂಪಾಗಿ ಬಂತು. ಅಣ್ಣ ರೇಡಿಯೋ ಹಿಡಿದು ನಿಂತ. ಇಂಜಿನ್ನು ಕಿರುಚಿತು, ವಿಮಾನ ಓಡಿತು, ಓಡುತ್ತಾ ಓಡುತ್ತಾ ಚಕ್ರದ ಕೆಳಗೆ ಬೆಳಕು ಕಂಡಿತು.

ಅಯ್ಯೋ, ಅದನ್ನು ಏನಂತ ಹೇಳಲಿ! ಎಳೆಬಿಸಿಲು ರೇಷ್ಮೆಯೊಳಗಿಂದ ಹಾದು ಒಳಗಿನ ಎಲುಬುಗಳೆಲ್ಲ ಕಾಣುತ್ತಿದ್ದವು. ನಾನು ಗಂಟು ಹಾಕಿದ ಎಳೆಗಳು ಅಲ್ಲಿ ಮೇಲಿದ್ದವು. ಕುರಿ ಮೇಯಿಸುತ್ತಿದ್ದ ಮುದುಕಪ್ಪನೊಬ್ಬ ಕೈ ಹಣೆಗಿಟ್ಟು ನೋಡಿ, "ಯವ್ವಾ, ಅದ್ರೊಳಗೆ ಯಾರವ್ರೆ?" ಎಂದು ಕೇಳಿದ. "ಯಾರೂ ಇಲ್ಲ ತಾತ, ಓಡ್ಸೋನು ಇಲ್ಲೇ ನಿಂತವ್ನೆ" ಅಂದೆ. ಅವನು ಅಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿ ತಲೆಯ ಟವಲು ತೆಗೆದ. ಕೆರೆಯನ್ನು ನಾಲ್ಕು ಸುತ್ತು ಹಾಕಿದ ಮೇಲೆ ಏರಿಯ ಕಡೆಯಿಂದ ಗಾಳಿ ಎದ್ದಿತು. ಇಳಿಸುವಾಗ ವಿಮಾನ ಪಕ್ಕಕ್ಕೆ ವಾಲಿ ದಢಾರನೆ ನೆಲಕ್ಕೆ ಕೂತಿತು. ಚಕ್ರದ ಕಡ್ಡಿ ಸೊಟ್ಟಗಾಯಿತು, ಮುಂದಿನ ಫ್ಯಾನು ಮುರಿಯಿತು. ರೆಕ್ಕೆಗೆ ಏನೂ ಆಗಿರಲಿಲ್ಲ.

ನಾನು ಕುಣಿಯುತ್ತಿದ್ದೆ. ಅಣ್ಣ ಮಂಡಿಯೂರಿ ಕೂತು ಚಕ್ರ ಮುಟ್ಟಿ ನೋಡುತ್ತಿದ್ದ. "ಇದು ಇಳಿಸಿದ್ದಲ್ಲ ಶಾಂತಾ, ಬಿದ್ದಿದ್ದು. ಒಂದ್ ಸಲ ಸರಿಯಾಗಿ ಇಳಿಸ್ಬೇಕು. ಒಂದೇ ಒಂದ್ ಸಲ. ಆಮೇಲೆ ಸಾಕು" ಅಂದ. ಎಂಟು ವರ್ಷದಲ್ಲಿ ಅವನು ಬಾಯಿಬಿಟ್ಟು ಬೇಕು ಅಂದದ್ದು ಅದೊಂದೇ.

ಮುರಿದದ್ದನ್ನು ಸರಿಮಾಡಿ ಯುಗಾದಿ ಮುಗಿಸುವಷ್ಟರಲ್ಲಿ ನಿಲ್ದಾಣ ತೆರೆಯುವ ಮಾತು ಬಂತು. ಆಟೋದಲ್ಲಿ ಮೈಕು ಕಟ್ಟಿಕೊಂಡು, ಗಾಳಿಪಟ ಬಲೂನು ಇತ್ಯಾದಿ ಹಾರಿಸಬಾರದು ಎಂದು ಸಾರಿಕೊಂಡು ಹೋದರು. ಗೆಳೆಯರೆಲ್ಲ, "ಲೇ, ಬೆಳಿಗ್ಗೇನೇ ಹೋಗಿ ಹಾರಿಸ್ಬುಟ್ಟು ಬಂದ್ಬಿಡು ಕಣೋ, ಯಾರ್ ನೋಡ್ತಾರೆ" ಅಂದರು. ಅದೇ ಸರಿಯಾದ ಮಾತಾಗಿತ್ತು. ನಾನು ಕೇಳಲಿಲ್ಲ. ಕಳ್ಳರ ಹಾಗೆ ಯಾಕೆ ಹಾರಿಸಬೇಕು? ನಾವೇನು ಯಾರ ಮನೆಗಾದರೂ ಕನ್ನ ಹಾಕಿದ್ದೇವೆಯೇ? ನಮ್ಮ ಬೀದಿಯ ರೇಷನ್ ಕಾರ್ಡಿನಿಂದ ಹಿಡಿದು ಟ್ರಾನ್ಸ್‌ಫಾರ್ಮರಿನವರೆಗೆ ಎಲ್ಲರ ಅರ್ಜಿ ಬರೆದುಕೊಡುತ್ತಿದ್ದವಳು ನಾನು. ಠಾಣೆಗೆ ಒಂದು ಅರ್ಜಿ ಕೊಟ್ಟರಾಯಿತು ಅಂದೆ. ದುಂಡು ಅಕ್ಷರದಲ್ಲಿ ಬರೆದೆ: ವಿಷಯ, ನಮ್ಮ ವಿಮಾನವನ್ನು ಕೆರೆಯ ಅಂಗಳದಲ್ಲಿ ಒಂದು ಬಾರಿ ಹಾರಿಸಿ ಇಳಿಸಲು ಅನುಮತಿ ಕೋರಿ.

ಅಣ್ಣ ಹೆಗಲ ಹಿಂದಿನಿಂದ ಓದಿ, "ಮಾಡಲ್ ಅಂತ ಬರಿಯೇ" ಅಂದ.

"ಮಾಡಲ್ ಅಂದ್ರೆ ಗಾಜಿನ ಬೀರೂಲಿ ಇಡೋದು. ಇದು ಹಾರ್ತದೋ ಇಲ್ವೋ?"

"ಹಾರ್ತದೆ."

"ಹಾರೋದನ್ನ ವಿಮಾನ ಅನ್ನದೆ ಎಮ್ಮೆ ಅನ್ಲಾ?"

ಅವನು ನಕ್ಕ. ಸಹಿ ಹಾಕು ಅಂದರೆ, "ಬರ್ದೋಳು ನೀನು, ಬಟ್ಟೆ ನಿಂದು, ನೀನೇ ಹಾಕು" ಅಂದ. ರೆಕ್ಕೆಯ ಉದ್ದ, ಇಂಜಿನ್ನು, ಬಣ್ಣ ಎಲ್ಲ ವಿವರವಾಗಿ ಬರೆದು ಸಹಿ ಹಾಕಿ ಕೊಟ್ಟು ಬಂದೆ. ಪ್ರಾಮಾಣಿಕತೆಗೆ ಬೆಲೆ ಇರುತ್ತದೆ ಎಂದು ನಂಬಿದ್ದ ವಯಸ್ಸು ಅದು.

ಮೂರನೆಯ ದಿನ ಜೀಪು ಬಂತು. ನಾಲ್ವರು ಇಳಿದು ಬೀದಿಯುದ್ದ ನೋಡಿ, ಹಿತ್ತಿಲು ನೋಡಿ, "ಎಲ್ಲಮ್ಮ ವಿಮಾನ?" ಎಂದು ಕೇಳಿದರು. ಮಗ್ಗದ ಮನೆಗೆ ಕರೆದೊಯ್ದು ತೊಲೆಗೆ ತೂಗುಹಾಕಿದ್ದನ್ನು ತೋರಿಸಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕರು. "ಇದಕ್ಕಾ ಸಾಹೇಬ್ರು ನಮ್ಮನ್ನ ಓಡ್ಸಿದ್ದು!" ನಕ್ಕು ಮುಗಿಸಿ ಕಣ್ಣೊರೆಸಿಕೊಂಡು, ಅದನ್ನು ಇಳಿಸಿ ಜೀಪಿಗೆ ಹೇರಿದರು. ರೆಕ್ಕೆ ಹಿಡಿಸದೆ ಹೋದಾಗ ಅಣ್ಣನೇ ಬಂದು, ಅವರು ಮುರಿದಾರೆಂಬ ಭಯಕ್ಕೆ, ರೆಕ್ಕೆಗೆ ಬಿಗಿದಿದ್ದ ರಬ್ಬರು ಬಿಚ್ಚಿ ಅದನ್ನು ಬೇರೆ ಮಾಡಿ ಕೊಟ್ಟ. ಇವತ್ತಿಗೂ ನನಗೆ ಅರ್ಥವಾಗಿಲ್ಲ. ಅಪಾಯದ ವಸ್ತುವಾದರೆ ನಕ್ಕದ್ದು ಯಾಕೆ? ನಗುವಂಥ ವಸ್ತುವಾದರೆ ಹೊತ್ತುಕೊಂಡು ಹೋದದ್ದು ಯಾಕೆ? ಎರಡರಲ್ಲಿ ಒಂದು ಮಾಡಬೇಕಪ್ಪ. ಎರಡನ್ನೂ ಮಾಡುವುದಕ್ಕೆ ಇವರಿಗೆ ಅಧಿಕಾರ ಕೊಟ್ಟವರು ಯಾರು?

ಯಾವ ಠಾಣೆ ಎಂದು ನಾನು ಹೇಳುವುದಿಲ್ಲ. ಅದರ ಹಿಂಭಾಗದಲ್ಲಿ ಹಿಡಿದು ತಂದ ಮೋಟರ್ ಸೈಕಲ್ಲುಗಳ ಪಕ್ಕ, ಅರ್ಧ ಹಾರಿಹೋದ ತಗಡಿನ ಕೆಳಗೆ ಅದನ್ನು ಇಟ್ಟಿದ್ದರು. ನಾನು ಮೊದಲನೆಯ ಸಲ ಹೋದಾಗ ಬಾಲಕ್ಕೆ ಯಾರೋ ಊಟದ ಚೀಲ ನೇತುಹಾಕಿದ್ದರು. ಸಾಹೇಬರು ಕೆಟ್ಟವರೇನಲ್ಲ. ಕೂರಿಸಿ ಮಾತಾಡಿಸಿದರು. "ನೋಡಮ್ಮ, ನೀನು ವಿಮಾನ ಅಂತ ಬರ್ದು ಸೈನ್ ಹಾಕಿದೀಯ. ಫೈಲಲ್ಲಿ ವಿಮಾನ ಅಂತಿದ್ರೆ ನಾನು ಮೇಲಿನೋರಿಗೆ ಏನಂತ ಉತ್ರ ಕೊಡ್ಲಿ? ಆಟದ ಸಾಮಾನು ಅಂತ ಒಂದ್ ಹೇಳಿಕೆ ಬರ್ಕೊಡು. ಈಗ್ಲೇ ತಗೊಂಡ್ ಹೋಗು."

"ಆಟದ ಸಾಮಾನಲ್ಲ ಸಾರ್ ಅದು. ನಮ್ಮಣ್ಣ ಎಂಟು ವರ್ಷ ಕಲ್ತು ಕಟ್ಟಿರೋ ವಿಮಾನ ಕಣ್ರೀ."

"ಹಂಗಾದ್ರೆ ಇಲ್ಲೇ ಇರ್ಲಿ ಬಿಡು."

ಅಲ್ಲಿಂದ ಶುರುವಾಯಿತು. ಮಂಗಳವಾರ ಹೋಗುವೆ, ಶುಕ್ರವಾರ ಹೋಗುವೆ. ಪ್ರತಿ ಸಲವೂ ಅದೇ ಬಿಳಿ ಹಾಳೆ ಮುಂದೆ ತಳ್ಳುವರು, ಪ್ರತಿ ಸಲವೂ ನಾನು ಹಿಂದಕ್ಕೆ ತಳ್ಳುವೆ. ದಫೇದಾರರೊಬ್ಬರು, ನನ್ನ ತಂದೆಯ ವಯಸ್ಸಿನವರು, ಬಾಗಿಲವರೆಗೆ ಬಂದು ಮೆಲ್ಲಗೆ, "ಒಂದ್ ಪದ ತಾನೆ ತಾಯಿ, ಬರ್ದು ಬಿಸಾಕು" ಅಂದರು. ಒಂದು ಪದ ತಾನೇ ಆಗಿದ್ದರೆ ಅವರೇ ಬಿಡಬಹುದಿತ್ತಲ್ಲ! ಊರೆಲ್ಲ ನಕ್ಕಾಗ ಸುಮ್ಮನಿದ್ದವನ ಕೆಲಸಕ್ಕೆ ಸರ್ಕಾರದ ಹಾಳೆಯ ಮೇಲೆ, ಅದೂ ನನ್ನ ಕೈಯಲ್ಲಿ, ಆಟ ಅಂತ ಬರೆಸಿಕೊಳ್ಳಬೇಕೇ?

ಸಂಜೆ ಮನೆಗೆ ಬಂದರೆ ಅಣ್ಣ ಪಾನಾ ಕೆಳಗಿಟ್ಟು, "ಇವತ್ತೇನಂದೆ?" ಎಂದು ಕೇಳುವನು. ನಾನು ಎದ್ದು ನಿಂತು ಸಾಹೇಬರ ದನಿಯಲ್ಲೂ ನನ್ನ ದನಿಯಲ್ಲೂ ಪೂರ್ತಿ ಜಗಳ ಆಡಿ ತೋರಿಸುವೆ. ಅವನು ಮಗ್ಗದ ಕಂಬಕ್ಕೆ ಒರಗಿ ಕೇಳುವನು. ಬರೆದುಕೊಡು ಅಂತ ಒಂದು ದಿನವೂ ಅನ್ನಲಿಲ್ಲ. ಬರೆದುಕೊಡಬೇಡ ಅಂತಲೂ ಅನ್ನಲಿಲ್ಲ. ಒಂದೇ ಒಂದು ಸಲ ಠಾಣೆಗೆ ನನ್ನ ಜೊತೆ ಬಂದ. ನೇರ ಹಿಂಭಾಗಕ್ಕೆ ಹೋಗಿ, ತಂದಿದ್ದ ಗೋಣಿತಾಟನ್ನು ರೆಕ್ಕೆಗೆ ಹೊದಿಸಿ ಕಟ್ಟಿ ಬಂದ.

ಭರಣಿ ಮಳೆ ಬರಲೇ ಇಲ್ಲ. ಕೃತ್ತಿಕಾ ಮಳೆ ಮೋಡ ತೋರಿಸಿ ಮೋಸ ಮಾಡಿತು. ನಿಲ್ದಾಣ ತೆರೆಯಿತು. ದಿನವಿಡೀ ತಲೆಯ ಮೇಲೆ ದೊಡ್ಡ ದೊಡ್ಡವು ಗುಡುಗುತ್ತಾ ಹೋಗತೊಡಗಿದವು, ಬೀದಿಯವರೆಲ್ಲ ಬಾಯಿಬಿಟ್ಟುಕೊಂಡು ನೋಡುವರು. ಆ ಸದ್ದಿಗೆ ನಮ್ಮ ಅಟ್ಟದ ತಟ್ಟೆಗಳು ಅದುರುವುವು, ಆ ವಿಮಾನಗಳಿಗೆ ಯಾರೂ ಹೇಳಿಕೆ ಬರೆಸಿಕೊಳ್ಳಲಿಲ್ಲ. ಐದನೆಯ ವಾರದ ಒಂದು ಮಧ್ಯಾಹ್ನ ರೋಹಿಣಿ ಮಳೆ ಬಂತು ನೋಡಿ, ಆಲಿಕಲ್ಲಿನ ಜೊತೆಗೆ ಬಂತು. ಬೀದಿಯ ಹೊಂಗೆ ಮರ ಮುರಿದು ಬಿತ್ತು. ಮಗ್ಗ ನಿಲ್ಲಿಸಿ ನಾನು ಹಾಗೇ ಓಡಿದೆ, ಸಿಕ್ಕಿದ ಆಟೋ ಹತ್ತಿದೆ. ಠಾಣೆಯ ಹಿಂಭಾಗದಲ್ಲಿ ಉಳಿದಿದ್ದ ತಗಡೂ ಹಾರಿಹೋಗಿತ್ತು. ಗೋಣಿತಾಟು ನೀರು ಕುಡಿದು ಭಾರವಾಗಿ ರೆಕ್ಕೆಯ ಮೇಲೆ ಕೂತಿತ್ತು. ರೆಕ್ಕೆಯ ಒಂದು ತುದಿ ಮೊಣಕಾಲುದ್ದ ಕೆಂಪು ನೀರಿನಲ್ಲಿತ್ತು.

ಒಳಗೆ ಹೋಗಿ, "ಹಾಳೆ ಕೊಡಿ" ಅಂದೆ.

ಸೀರೆಯಿಂದ ನೀರು ಸುರಿಯುತ್ತಿತ್ತು. ಸದರಿ ವಸ್ತುವು ಆಟದ ಸಾಮಾನು ಎಂದು ಬರೆದೆ. ಸಾಹೇಬರು ಓದಿ, "ಇನ್ನೊಂದು ಸೇರಿಸಮ್ಮ, ಹಾರುವ ಸಾಮರ್ಥ್ಯ ಇರುವುದಿಲ್ಲ ಅಂತ" ಅಂದರು. ಅದನ್ನೂ ಬರೆದೆ. ಕೆರೆಯ ಮೇಲೆ ನಾಲ್ಕು ಸುತ್ತು ಹಾಕಿದ್ದನ್ನು ಕಣ್ಣಾರೆ ಕಂಡವಳು, ಹಾರುವುದಿಲ್ಲ ಅಂತ ನನ್ನ ದುಂಡು ಅಕ್ಷರದಲ್ಲಿ ಬರೆದು, ಶಾಂತಾ ಎಂದು ಸಹಿ ಹಾಕಿದೆ. ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ಸುಳ್ಳು ಬರೆದಿಲ್ಲ.

ಮನೆಗೆ ತಂದು ಎರಡು ದಿನ ನೆರಳಲ್ಲಿ ಒಣಗಿಸಿದೆವು. ಮೂರನೆಯ ದಿನ ಅಣ್ಣ ರೆಕ್ಕೆಯನ್ನು ಮಗ್ಗದ ಹಲಗೆಯ ಮೇಲೆ ಮಲಗಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದ. ಒಂದು ತುದಿ ಹಲಗೆಗೆ ಅಂಟಿ ಕೂತಿತ್ತು, ಇನ್ನೊಂದು ತುದಿ ಎರಡು ಬೆರಳು ಮೇಲೆದ್ದಿತ್ತು. ಒತ್ತಿದ, ಕೂತಿತು. ಬಿಟ್ಟ, ಎದ್ದಿತು. ಬಟ್ಟೆಗೆ ಏನೂ ಆಗಿರಲಿಲ್ಲ, ಒಳಗಿನ ಮರ ತಿರುಚಿಕೊಂಡಿತ್ತು.

"ನೆಟ್ಟಗೆ ಮಾಡಕ್ಕಾಗಲ್ವಾ?" ಎಂದು ಕೇಳಿದೆ.

"ಇಲ್ಲ. ಏರಿಸ್ಬೌದೇನೋ. ಇಳಿಸಕ್ಕಾಗಲ್ಲ."

ಬರೆದುಕೊಟ್ಟ ಸುಳ್ಳನ್ನು ಐದು ವಾರದಲ್ಲಿ ಅವರೇ ನಿಜ ಮಾಡಿ ಕೊಟ್ಟಿದ್ದರು. ನಾನು ಬಾಯಿಗೆ ಬಂದಂತೆ ಬೈದೆ. ಸಾಹೇಬರನ್ನು ಬೈದೆ, ನಕ್ಕವರನ್ನು ಬೈದೆ, ಮಳೆಯನ್ನು ಬೈದೆ. ಬೈಯಲು ಯಾರೂ ಉಳಿಯದಿದ್ದಾಗ ನನ್ನನ್ನೇ ಬೈದುಕೊಂಡೆ. ಮೊದಲನೆಯ ದಿನವೇ ಬರೆದುಕೊಟ್ಟಿದ್ದರೆ ರೆಕ್ಕೆ ಉಳಿಯುತ್ತಿತ್ತು, ದೂರದ ಯಾವುದಾದರೂ ಕೆರೆಗೆ ಒಯ್ದು ಅವನು ಅದನ್ನು ಒಂದು ಸಲ ಸರಿಯಾಗಿ ಇಳಿಸುತ್ತಿದ್ದ. ನನ್ನ ಹಾಳು ಹಟ ಅದನ್ನು ನೀರಲ್ಲಿ ಮಲಗಿಸಿತು. "ನಿನ್ ಜಾಗದಲ್ಲಿ ಬೇರೆ ಯಾರಾದ್ರೂ ಆಗಿದ್ರೆ ನನ್ನ ಕೊಂದಾಕ್ತಿದ್ರು, ನೀನು ಒಂದ್ ಮಾತೂ ಆಡಲ್ವಲ್ಲ!" ಎಂದು ಅವನ ಮೇಲೂ ಕೂಗಿದೆ.

ಅಣ್ಣ ರೆಕ್ಕೆಯ ಮೇಲಿನ ಕೈ ತೆಗೆಯದೆ, "ನಾನಾಗಿದ್ರೆ ಮೊದಲನೇ ದಿನಾನೇ ಬರ್ಕೊಟ್ಟು ತಂದ್ಬಿಡ್ತಿದ್ದೆ" ಅಂದ.

"ಮತ್ತೆ ಯಾಕಣ್ಣ ಹೇಳ್ಲಿಲ್ಲ? ಐದು ವಾರ! ಬರ್ಕೊಡು ಶಾಂತಾ ಅಂತ ಒಂದ್ ಮಾತು ಅಂದಿದ್ರೆ ಸಾಕಾಗಿತ್ತಲ್ಲ!"

ಅವನು ತಲೆ ತಗ್ಗಿಸಿ, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ನಕ್ಕ. "ನೀನು ಸಾಯಂಕಾಲ ಬಂದು ಹೇಳ್ತಿದ್ದೆಯಲ್ಲ, ನಮ್ಮಣ್ಣ ವಿಮಾನ ಕಟ್ಟವ್ನೆ ಕಣ್ರೀ ಅಂತ ಸಾಹೇಬ್ರ ಮುಖಕ್ಕೆ ಹೊಡ್ದಂಗೆ ಅಂದೆ ಅಂತ. ಅಷ್ಟು ಜೋರಾಗಿ ಯಾರೂ ಅಂದಿರ್ಲಿಲ್ಲ ಕಣೆ. ಇನ್ನೊಂದ್ ವಾರ ಕೇಳೋಣ ಅನ್ನಿಸ್ತಿತ್ತು."

ಮಗ್ಗದ ಮೇಲಿದ್ದ ಲಾಳಿಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದೆ. ಅಳು ಬರುತ್ತಿತ್ತು, ಸಿಟ್ಟು ಅದನ್ನು ಬರಲು ಬಿಡಲಿಲ್ಲ.

"ಬಾಯ್ಬಿಟ್ಟು ಕೇಳಿದ್ರೆ ಮನೇಲೇ ದಿನಕ್ಕೆ ಹತ್ ಸಲ ಹೇಳ್ತಿದ್ನಲ್ಲಣ್ಣ!"